ಯುದ್ಧಕಾಲದ ವೈಮಾನಿಕ ಛಾಯಾಚಿತ್ರಗಳನ್ನು ಹುಡುಕುವ, ಓದುವ ಮತ್ತು ಸಂಶೋಧನೆಗೆ ಬಳಸುವ ಕ್ರಮ

1944ರ ಏಪ್ರಿಲ್ 4ರಂದು ಇಟಲಿಯ ನೆಲೆಯೊಂದರಿಂದ ಹಾರಿದ ದಕ್ಷಿಣ ಆಫ್ರಿಕಾ ವಾಯುಪಡೆಯ ಮಸ್ಕಿಟೊ ವಿಮಾನವು, ಜರ್ಮನಿಯ ವಶದಲ್ಲಿದ್ದ ಪೋಲೆಂಡಿನ ಮೊನೊವಿಟ್ಸ್ ಎಂಬಲ್ಲಿ ಕಟ್ಟಲಾಗುತ್ತಿದ್ದ ಕೃತಕ ರಬ್ಬರ್ ಮತ್ತು ಇಂಧನ ಕಾರ್ಖಾನೆಯ ಚಿತ್ರಗಳನ್ನು ತೆಗೆಯಿತು. ಗುರಿ ಬರುವ ಮೊದಲೇ ಕ್ಯಾಮೆರಾ ಚಾಲನೆ ಮಾಡಿ, ಗುರಿ ದಾಟಿದ ಮೇಲೆ ನಿಲ್ಲಿಸುವುದು ವಾಡಿಕೆಯಾಗಿದ್ದುದರಿಂದ, ಕೆಲವೇ ಕಿಲೋಮೀಟರ್ ದೂರದ ಆಷ್ವಿಟ್ಸ್ ಎಂಬ ನಾಜಿ ಹತ್ಯಾಶಿಬಿರವೂ ಅದೇ ಫಿಲ್ಮಿನಲ್ಲಿ ದಾಖಲಾಯಿತು. ಇಂಗ್ಲೆಂಡಿನಲ್ಲಿ ಆ ಫಿಲ್ಮನ್ನು ಪರಿಶೀಲಿಸಿದ ತಜ್ಞರಿಗೆ ವಹಿಸಿದ್ದ ಕೆಲಸ ಕಾರ್ಖಾನೆಯ ವಿವರ ಕೊಡುವುದು. ಅದನ್ನು ಅವರು ಚೊಕ್ಕವಾಗಿ ಮಾಡಿದರು. ಪಕ್ಕದ ಶಿಬಿರದಲ್ಲಿ ಏನು ನಡೆಯುತ್ತಿದೆ ಎಂದು ಆ ಚಿತ್ರವನ್ನು ಯಾರೂ ಕೇಳಲಿಲ್ಲ. 1978ರಲ್ಲಿ ಅಮೆರಿಕದ ಸಿಐಎ ಸಂಸ್ಥೆಯ ಡಿನೊ ಬ್ರುಜಿಯೋನಿ ಮತ್ತು ರಾಬರ್ಟ್ ಪೊಯರಿಯರ್ ಎಂಬ ಇಬ್ಬರು ಚಿತ್ರವಿಶ್ಲೇಷಕರು 1944ರ ಹಲವು ಹಾರಾಟಗಳ ಸುರುಳಿಗಳನ್ನು ಮತ್ತೆ ತೆರೆದು ನೋಡಿದಾಗ, ಅನಿಲಕೋಣೆಗಳಿದ್ದ ಕಟ್ಟಡಗಳು, ರೈಲು ಬೋಗಿಗಳು ಮತ್ತು ಸಾಲಾಗಿ ನಿಂತ ಜನರ ಗುಂಪುಗಳು ಅವುಗಳಲ್ಲಿ ಗುರುತಿಸುವಷ್ಟು ಸ್ಪಷ್ಟವಾಗಿಯೇ ಇದ್ದವು.

ಹಳೆಯ ವೈಮಾನಿಕ ಛಾಯಾಚಿತ್ರವನ್ನು ಕೈಗೆತ್ತಿಕೊಳ್ಳುವ ಯಾರೇ ಆದರೂ ಈ ಪ್ರಸಂಗವನ್ನು ಮೊದಲು ತಿಳಿದಿರಬೇಕು. ಅಂತಹ ಚಿತ್ರವನ್ನು ಯಾರೋ ಒಂದು ನಿರ್ದಿಷ್ಟ ಉದ್ದೇಶಕ್ಕಾಗಿ ತೆಗೆಸಿರುತ್ತಾರೆ, ಆದರೆ ಕ್ಯಾಮೆರಾ ಉದ್ದೇಶಕ್ಕೆ ಮೀರಿದ ಎಷ್ಟೋ ಸಂಗತಿಗಳನ್ನು ದಾಖಲಿಸಿರುತ್ತದೆ. ಸಂಶೋಧಕನ ಕೆಲಸವೆಂದರೆ ಆ ಮೊದಲ ಉದ್ದೇಶವನ್ನು ಸರಿಯಾಗಿ ತಿಳಿದುಕೊಂಡು, ಆಮೇಲೆ ತನ್ನದೇ ಪ್ರಶ್ನೆಯನ್ನು ಚಿತ್ರದ ಮುಂದಿಡುವುದು. ಇತಿಹಾಸ, ಪುರಾತತ್ವ, ಭೂಗೋಳ ಅಥವಾ ಪರಿಸರದ ಅಧ್ಯಯನದಲ್ಲಿ ಆಸಕ್ತಿಯುಳ್ಳವರು ಈ ಕೆಲಸವನ್ನು ಮನೆಯ ಕಂಪ್ಯೂಟರಿನಲ್ಲೇ ಹೇಗೆ ಮಾಡಬಹುದು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಯಾವ ಕಾಲದ ಚಿತ್ರ ಎಂಬುದು ಮೊದಲ ಪ್ರಶ್ನೆ

ಫ್ರಾನ್ಸಿನ ಛಾಯಾಗ್ರಾಹಕ ನಾದಾರ್ 1858ರಲ್ಲಿ ಪ್ಯಾರಿಸ್ ಬಳಿ ಬಲೂನಿನಿಂದ ತೆಗೆದ ಚಿತ್ರಗಳು ಉಳಿದಿಲ್ಲ. 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಬಾಸ್ಟನ್ ನಗರದ ಮೇಲಿನಿಂದ ತೆಗೆದದ್ದೇ ಈಗ ಉಳಿದಿರುವ ಅತ್ಯಂತ ಹಳೆಯ ವೈಮಾನಿಕ ಚಿತ್ರ. ಆದರೆ ಸಂಶೋಧನೆಗೆ ಒದಗುವಷ್ಟು ಸಂಖ್ಯೆಯಲ್ಲಿ ಚಿತ್ರಗಳು ದೊರೆಯುವುದು ಮೊದಲನೆಯ ಮಹಾಯುದ್ಧದಿಂದೀಚೆಗೆ ಮಾತ್ರ. 1915ರ ಮಾರ್ಚ್‌ನಲ್ಲಿ ನೂವ್ ಶಪೆಲ್ ಕದನಕ್ಕೆ ಮುನ್ನ ಬ್ರಿಟಿಷರು ಜರ್ಮನರ ಕಂದಕಗಳ ನಕ್ಷೆಯನ್ನು ವೈಮಾನಿಕ ಚಿತ್ರಗಳಿಂದಲೇ ರಚಿಸಿಕೊಂಡರು. ಆ ಕಾಲದವು ಹೆಚ್ಚಾಗಿ ಗಾಜಿನ ಫಲಕದ ಮೇಲೆ ತೆಗೆದ ಚಿತ್ರಗಳು. ಕೆಲವನ್ನು ವೀಕ್ಷಕನು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದೇ ತೆಗೆದಿರುತ್ತಿದ್ದನು. ಆದ್ದರಿಂದ ಓರೆ ಹೆಚ್ಚು, ಸ್ಕೇಲ್ ಒಂದರಿಂದೊಂದಕ್ಕೆ ಬದಲಾಗುತ್ತದೆ, ಒಂದು ಫಲಕದಲ್ಲಿ ಕಾಣುವ ನೆಲವೂ ಕಡಿಮೆ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಚಿತ್ರಣವೇ ಬದಲಾಯಿತು. ಬಂದೂಕುಗಳನ್ನು ಕಳಚಿ, ಹೆಚ್ಚುವರಿ ಇಂಧನ ತುಂಬಿಕೊಂಡ ಸ್ಪಿಟ್‌ಫೈರ್ ವಿಮಾನಗಳು 30 ಸಾವಿರ ಅಡಿಯ ಆಸುಪಾಸಿನಲ್ಲಿ ಹಾರುತ್ತ, ನೇರ ಕೆಳಮುಖವಾಗಿ ಜೋಡಿಸಿದ ಕ್ಯಾಮೆರಾಗಳಿಂದ ಒಂದರ ಮೇಲೊಂದು ಸುಮಾರು ಶೇಕಡಾ 60ರಷ್ಟು ಹಾಯುವಂತೆ ಸಾಲುಸಾಲಾಗಿ ಚಿತ್ರ ತೆಗೆದವು. ಅವುಗಳನ್ನು ಓದುವ ಕೇಂದ್ರವು ಥೇಮ್ಸ್ ನದಿಯ ದಡದ ಮೆಡ್ಮೆನ್‌ಹ್ಯಾಮ್ ಎಂಬಲ್ಲಿತ್ತು. ಪುರಾತತ್ವಜ್ಞರೂ ಭೂವಿಜ್ಞಾನಿಗಳೂ ಅಲ್ಲಿ ಸಮವಸ್ತ್ರ ತೊಟ್ಟು ದುಡಿದರು. ಪ್ರಾಗಿತಿಹಾಸ ತಜ್ಞರಾದ ಗ್ಲಿನ್ ಡೇನಿಯಲ್ ಮತ್ತು ಸ್ಟುವರ್ಟ್ ಪಿಗಟ್ ಇದೇ ಕೆಲಸದ ಮೇಲೆ ಭಾರತಕ್ಕೂ ಬಂದಿದ್ದರು. ಪಿಗಟ್ ಅವರು ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ತೊಡಗಿದ್ದು ಆ ಅವಧಿಯಲ್ಲಿ.

ಮೂರನೆಯದು ಶೀತಲ ಸಮರದ ಕಾಲ. ಕೊರೋನಾ ಎಂಬ ಗುಪ್ತನಾಮದ ಅಮೆರಿಕದ ಬೇಹು ಉಪಗ್ರಹಗಳು 1960ರಿಂದ 1972ರವರೆಗೆ ಫಿಲ್ಮಿನ ಮೇಲೆ ಚಿತ್ರ ತೆಗೆದು, ಆ ಫಿಲ್ಮನ್ನು ಪೆಟ್ಟಿಗೆಯಲ್ಲಿಟ್ಟು ಪ್ಯಾರಾಚೂಟಿನ ಮೂಲಕ ಕೆಳಕ್ಕೆ ಕಳುಹಿಸುತ್ತಿದ್ದವು. ವಿಮಾನಗಳು ಅದನ್ನು ಗಾಳಿಯಲ್ಲೇ ಹಿಡಿಯುತ್ತಿದ್ದವು. ವಿಮಾನದ ಬದಲು ಉಪಗ್ರಹವಾದರೂ ಇವನ್ನು ಓದುವ ವಿಧಾನ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಇಲ್ಲಿ ಸೇರಿಸಿದ್ದೇನೆ.

ಚಿತ್ರವನ್ನು ಹುಡುಕುವುದು

ಹುಡುಕಾಟಕ್ಕೆ ಮೊದಲು ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ಸ್ಥಳದ ಅಕ್ಷಾಂಶ ಮತ್ತು ರೇಖಾಂಶ, ನಿಮಗೆ ಬೇಕಾದ ಕಾಲಾವಧಿ, ಮತ್ತು ಅಂದು ಆ ಊರಿಗಿದ್ದ ಹೆಸರು. ಯುರೋಪಿನ ಪೂರ್ವಭಾಗದಲ್ಲಿ ಕೊನೆಯದು ಬಹಳ ಮುಖ್ಯ. ಇಂದಿನ ಪೋಲೆಂಡಿನ ವ್ರೊತ್ಸ್ವಾಫ್ ನಗರವು ಯುದ್ಧಕಾಲದ ಕಡತಗಳಲ್ಲಿ ಬ್ರೆಸ್ಲಾವ್ ಎಂದೇ ಇರುತ್ತದೆ.

ಬ್ರಿಟಿಷ್ ಮತ್ತು ಮಿತ್ರಪಡೆಗಳ ಚಿತ್ರಗಳಿಗೆ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿರುವ ವೈಮಾನಿಕ ಛಾಯಾಚಿತ್ರಗಳ ರಾಷ್ಟ್ರೀಯ ಸಂಗ್ರಹವೇ ಮುಖ್ಯ ನೆಲೆ. ಮೆಡ್ಮೆನ್‌ಹ್ಯಾಮ್‌ನ ಯುದ್ಧಕಾಲದ ಸಂಗ್ರಹವು ಬಹುಕಾಲ ಕೀಲ್ ವಿಶ್ವವಿದ್ಯಾಲಯದಲ್ಲಿದ್ದು, 2008ರಲ್ಲಿ ಇಲ್ಲಿಗೆ ಬಂದಿತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದ 373ನೆಯ ದಾಖಲೆ ಗುಂಪಿನಲ್ಲಿ ಅಮೆರಿಕದ ಚಿತ್ರಗಳ ಜೊತೆಗೆ, ಯುದ್ಧದ ಕೊನೆಯಲ್ಲಿ ವಶಪಡಿಸಿಕೊಂಡ ಜರ್ಮನ್ ವಾಯುಪಡೆಯ ಚಿತ್ರಗಳೂ ಇವೆ. ಪೂರ್ವ ಯುರೋಪಿನ ನಾಶವಾದ ಹಳ್ಳಿಗಳನ್ನು ಅಧ್ಯಯನ ಮಾಡುವವರು ಈ ಜರ್ಮನ್ ಚಿತ್ರಗಳನ್ನು ತಪ್ಪದೆ ನೋಡಬೇಕು.

ಕೊರೋನಾ ಚಿತ್ರಗಳು ಮನೆಯಿಂದಲೇ ಸಿಗುತ್ತವೆ. 1995ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರ ಆದೇಶದಂತೆ ಎಂಟು ಲಕ್ಷಕ್ಕೂ ಹೆಚ್ಚು ಚಿತ್ರಗಳ ಗೌಪ್ಯತೆಯನ್ನು ತೆಗೆದುಹಾಕಲಾಯಿತು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಅರ್ತ್ ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ ಉಚಿತ ಖಾತೆ ತೆರೆದು, ನಕ್ಷೆಯ ಮೇಲೆ ನಿಮ್ಮ ಸ್ಥಳವನ್ನು ಗುರುತಿಸಿ, ದತ್ತಾಂಶಗಳ ಪಟ್ಟಿಯಲ್ಲಿ ಡಿಕ್ಲಾಸಿಫೈಡ್ ಡೇಟಾ ವಿಭಾಗವನ್ನು ಆಯ್ದುಕೊಳ್ಳಬೇಕು. ಈಗಾಗಲೇ ಸ್ಕ್ಯಾನ್ ಆಗಿರುವ ಫ್ರೇಮುಗಳನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಆಗಿಲ್ಲದಿದ್ದರೆ ಫ್ರೇಮಿಗೆ ಶುಲ್ಕ ಕಟ್ಟಿ ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಹಣ ಕಟ್ಟುವ ಮೊದಲು ಸಣ್ಣ ಮಾದರಿ ಚಿತ್ರವನ್ನು ದೊಡ್ಡದು ಮಾಡಿ ನಿಮ್ಮ ಜಾಗದ ಮೇಲೆ ಮೋಡವಿಲ್ಲವೆಂದು ಕಣ್ಣಾರೆ ಖಾತ್ರಿ ಮಾಡಿಕೊಳ್ಳಿ. ಮುಂಗಾರಿನ ತಿಂಗಳುಗಳ ಚಿತ್ರಗಳು ನಮ್ಮ ಕಡೆಯ ಸ್ಥಳಗಳಿಗೆ ಹೆಚ್ಚಾಗಿ ನಿರುಪಯೋಗಿ. ನವೆಂಬರ್‌ನಿಂದ ಫೆಬ್ರವರಿವರೆಗಿನವು ಲೇಸು.

ಎಲ್ಲಿಂದ ತರಿಸಿಕೊಂಡರೂ ಒಂದು ನಿಯಮವನ್ನು ಬಿಡಬಾರದು: ನಿಮಗೆ ಬೇಕಾದ ಸ್ಥಳವಿರುವ ಒಂದೇ ಫ್ರೇಮನ್ನು ಕೊಂಡು ಸುಮ್ಮನಾಗಬೇಡಿ. ಅದರ ಹಿಂದಿನ ಮತ್ತು ಮುಂದಿನ ಫ್ರೇಮುಗಳನ್ನೂ ಕೇಳಿ ಪಡೆಯಿರಿ. ಮೂರು ಆಯಾಮದ ನೋಟಕ್ಕೆ ಅವು ಬೇಕು ಎಂಬುದು ಒಂದು ಕಾರಣ; ಗುರಿಯ ಆಚೀಚೆ ಬಿದ್ದ ಫ್ರೇಮುಗಳಲ್ಲೇ ಯಾರೂ ಓದದ ಸಂಗತಿ ಉಳಿದಿರುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ.

ಅಂಚಿನ ಬರಹ

ಚಿತ್ರ ಕೈಗೆ ಬಂದೊಡನೆ ನೆಲವನ್ನು ನೋಡುವ ಆತುರವನ್ನು ತಡೆದು ಅಂಚನ್ನು ಓದಿ. ಬ್ರಿಟಿಷ್ ಚಿತ್ರಗಳ ಅಂಚಿನಲ್ಲಿ ಸಾಮಾನ್ಯವಾಗಿ ಫ್ರೇಮ್ ಸಂಖ್ಯೆ, ಹಾರಾಟದ ಸಂಖ್ಯೆ, ದಿನಾಂಕ, ಲೆನ್ಸಿನ ನಾಭಿದೂರ, ಕೆಲವೊಮ್ಮೆ ವೇಳೆ ಮತ್ತು ಎತ್ತರವನ್ನು ಕೈಬರಹದಲ್ಲೋ ಅಚ್ಚಿನಲ್ಲೋ ನಮೂದಿಸಿರುತ್ತಾರೆ. ಯುದ್ಧ ಮುಗಿಯುವ ಹೊತ್ತಿನಲ್ಲಿ ಬ್ರಿಟನ್ನಿನ ನೆಲವನ್ನೇ ಚಿತ್ರಿಸಿದ ಸರಣಿಯ ಸಂಖ್ಯೆಗಳು 106ಜಿ ಎಂದು ಆರಂಭವಾಗುತ್ತವೆ. ಅದು ಆ ಕೆಲಸ ಮಾಡಿದ ಬ್ರಿಟಿಷ್ ವಾಯುಪಡೆಯ 106ನೆಯ ಗ್ರೂಪಿನ ಗುರುತು. ಜರ್ಮನ್ ಚಿತ್ರಗಳು 30 ಸೆಂಟಿಮೀಟರ್ ಚೌಕದ ದೊಡ್ಡ ಗಾತ್ರದಲ್ಲಿರುತ್ತವೆ. ಆರ್‌ಬಿ 50/30 ಎಂದಿದ್ದರೆ ನಾಭಿದೂರ 50 ಸೆಂಟಿಮೀಟರ್, ಚಿತ್ರದ ಬದಿ 30 ಸೆಂಟಿಮೀಟರ್ ಎಂದು ತಿಳಿಯಬೇಕು.

ಕೊರೋನಾದಲ್ಲಿ ಈ ಮಾಹಿತಿ ಕಡತದ ಹೆಸರಿನಲ್ಲೇ ಅಡಗಿದೆ. ಡಿಎಸ್1102-1025ಡಿಎಫ್007 ಎಂಬ ಹೆಸರನ್ನು ಬಿಡಿಸಿ ನೋಡಿ: 1102 ಎಂಬುದು ಯೋಜನೆಯ ಸಂಖ್ಯೆ, 1025 ಎಂಬುದರಲ್ಲಿ ಮೊದಲ ಅಂಕೆ ಎಷ್ಟನೆಯ ಫಿಲ್ಮ್ ಪೆಟ್ಟಿಗೆ ಎಂಬುದನ್ನೂ ಉಳಿದ ಅಂಕೆಗಳು ಎಷ್ಟನೆಯ ಪ್ರದಕ್ಷಿಣೆ ಎಂಬುದನ್ನೂ ಹೇಳುತ್ತವೆ, ಡಿ ಎಂದರೆ ಉಪಗ್ರಹ ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತಿತ್ತು, ಎಫ್ ಎಂದರೆ ಮುಂದಕ್ಕೆ ವಾಲಿದ ಕ್ಯಾಮೆರಾ, 007 ಎಂಬುದು ಫ್ರೇಮ್. ಎಫ್ ಇರುವಲ್ಲಿ ಎ ಇದ್ದರೆ ಹಿಂದಕ್ಕೆ ವಾಲಿದ ಕ್ಯಾಮೆರಾ. ಈ ಎರಡರ ಜೋಡಿಯಿಂದ ಮೂರು ಆಯಾಮದ ನೋಟ ಸಿಗುತ್ತದೆ.

ಸ್ಕೇಲನ್ನು ಲೆಕ್ಕ ಹಾಕುವುದು

ನಾಭಿದೂರವನ್ನು ನೆಲದಿಂದ ವಿಮಾನವಿದ್ದ ಎತ್ತರದಿಂದ ಭಾಗಿಸಿದರೆ ಸ್ಕೇಲ್ ಬರುತ್ತದೆ. 36 ಇಂಚು ಎಂದರೆ 3 ಅಡಿ ನಾಭಿದೂರದ ಲೆನ್ಸಿನಿಂದ 30 ಸಾವಿರ ಅಡಿ ಎತ್ತರದಲ್ಲಿ ತೆಗೆದ ಚಿತ್ರದ ಸ್ಕೇಲ್ 1:10,000. ಅಂದರೆ ನೆಗೆಟಿವ್ ಮೇಲಿನ ಒಂದು ಮಿಲಿಮೀಟರು ನೆಲದ ಮೇಲೆ 10 ಮೀಟರ್. ಅದೇ ಎತ್ತರದಲ್ಲಿ 20 ಇಂಚಿನ ಲೆನ್ಸ್ ಬಳಸಿದ್ದರೆ ಸ್ಕೇಲ್ 1:18,000 ಆಗುತ್ತದೆ. ಈ ಲೆಕ್ಕವು ನೆಗೆಟಿವ್‌ಗೆ ಅನ್ವಯಿಸುತ್ತದೆಯೇ ಹೊರತು ದೊಡ್ಡದು ಮಾಡಿದ ಮುದ್ರಿತ ಪ್ರತಿಗಲ್ಲ.

ಅಂಚಿನಲ್ಲಿ ಬರೆದ ಎತ್ತರವು ಸಮುದ್ರಮಟ್ಟದಿಂದಲೋ ನೆಲದಿಂದಲೋ ಎಂಬುದು ಸ್ಪಷ್ಟವಿಲ್ಲದಿದ್ದರೆ, ಇಂದಿಗೂ ಉಳಿದಿರುವ ಎರಡು ರಸ್ತೆಕೂಡುಗಳ ಅಥವಾ ಸೇತುವೆಗಳ ನಡುವಿನ ಅಂತರವನ್ನು ಚಿತ್ರದಲ್ಲಿ ಅಳೆದು, ಇಂದಿನ ನಕ್ಷೆಯ ಅಂತರದೊಂದಿಗೆ ಹೋಲಿಸಿ. ಗುಡ್ಡಗಾಡಿನಲ್ಲಿ ಒಂದೇ ಚಿತ್ರದೊಳಗೆ ಸ್ಕೇಲ್ ಬದಲಾಗುತ್ತದೆ ಎಂಬುದನ್ನೂ, ಚಿತ್ರದ ನಡುವಿನಿಂದ ದೂರ ಹೋದಷ್ಟೂ ಹೊಗೆಗೊಳವೆ, ಗೋಪುರಗಳಂತಹ ಎತ್ತರದ ವಸ್ತುಗಳು ಹೊರಕ್ಕೆ ವಾಲಿದಂತೆ ಕಾಣುತ್ತವೆ ಎಂಬುದನ್ನೂ ಮರೆಯಬಾರದು.

ನೆರಳು

ವೈಮಾನಿಕ ಚಿತ್ರದಲ್ಲಿ ನನ್ನ ಮಟ್ಟಿಗೆ ಅತ್ಯಂತ ಬೆಲೆಬಾಳುವ ಸಾಕ್ಷ್ಯ ನೆರಳೇ. ಮೇಲಿನಿಂದ ನೋಡಿದಾಗ ನೀರಿನ ತೊಟ್ಟಿಗೂ ನೀರಿನ ಗೋಪುರಕ್ಕೂ ವ್ಯತ್ಯಾಸವಿರುವುದಿಲ್ಲ, ಎರಡೂ ದುಂಡಗೆ ಕಾಣುತ್ತವೆ. ಪಕ್ಕದಲ್ಲಿ ಬಿದ್ದ ನೆರಳು ಮಾತ್ರ ಒಂದಕ್ಕೆ ಕಾಲುಗಳಿವೆ ಎಂದು ತೋರಿಸುತ್ತದೆ.

ಮೊದಲು ಚಿತ್ರವನ್ನು ತಿರುಗಿಸಿ ನೆರಳುಗಳು ನಿಮ್ಮ ಕಡೆಗೆ ಬೀಳುವಂತೆ ಇಟ್ಟುಕೊಳ್ಳಿ. ಬೆಳಕು ಮೇಲುಗಡೆಯಿಂದ ಬರುತ್ತದೆಂದು ನಮ್ಮ ಕಣ್ಣು ಎಣಿಸುವುದರಿಂದ, ನೆರಳು ಎದುರು ದಿಕ್ಕಿಗೆ ಬಿದ್ದಿದ್ದರೆ ಹಳ್ಳ ದಿಬ್ಬದಂತೆಯೂ ದಿಬ್ಬ ಹಳ್ಳದಂತೆಯೂ ತೋರುತ್ತದೆ. ಉತ್ತರ ದಿಕ್ಕು ಮೇಲಿರಬೇಕೆಂಬ ಹಟದಿಂದ ಕಂದಕವನ್ನು ಒಡ್ಡೆಂದು ಓದುವವರು ಅನೇಕರು. ಉತ್ತರವನ್ನು ನಕ್ಷೆಗೆ ಹೊಂದಿಸುವಾಗ ನೋಡಿಕೊಂಡರಾಯಿತು.

ಎತ್ತರವನ್ನು ಅಳೆಯಲು ನೆರಳಿನ ಉದ್ದವನ್ನು ಆ ಕ್ಷಣದಲ್ಲಿ ಸೂರ್ಯನಿದ್ದ ಕೋನದ ಟ್ಯಾಂಜೆಂಟಿನಿಂದ ಗುಣಿಸಬೇಕು. ಸೂರ್ಯನು ದಿಗಂತದಿಂದ 45 ಡಿಗ್ರಿ ಮೇಲಿದ್ದರೆ ನೆರಳಿನ ಉದ್ದವೇ ವಸ್ತುವಿನ ಎತ್ತರ. 30 ಡಿಗ್ರಿಯಲ್ಲಿದ್ದರೆ ನೆರಳು ಎತ್ತರದ ಸುಮಾರು 1.7 ಪಟ್ಟು ಇರುತ್ತದೆ. ದಿನಾಂಕ, ವೇಳೆ ಮತ್ತು ಅಕ್ಷಾಂಶ ಗೊತ್ತಿದ್ದರೆ ಸೂರ್ಯನ ಕೋನವನ್ನು ಕಂಡುಕೊಳ್ಳುವ ಲೆಕ್ಕಯಂತ್ರಗಳು ಅಂತರ್ಜಾಲದಲ್ಲಿವೆ. ವೇಳೆ ಗೊತ್ತಿಲ್ಲದಿದ್ದರೆ, ಎತ್ತರ ಗೊತ್ತಿರುವ ಒಂದು ಚರ್ಚಿನ ಗೋಪುರವನ್ನೋ ಸೇತುವೆಯನ್ನೋ ಅದೇ ಫ್ರೇಮಿನಲ್ಲಿ ಹಿಡಿದು, ಅದರ ನೆರಳಿನ ಅನುಪಾತದಿಂದ ಉಳಿದವನ್ನು ಲೆಕ್ಕ ಹಾಕಬಹುದು. ನೆಲ ಇಳಿಜಾರಾಗಿದ್ದರೆ ಈ ಲೆಕ್ಕ ಕೆಡುತ್ತದೆ.

ಯುರೋಪಿನ ಚಿತ್ರಗಳಲ್ಲಿ ನಡುಹಗಲಿನ ನೆರಳು ಯಾವಾಗಲೂ ಉತ್ತರಕ್ಕೆ ಬೀಳುತ್ತದೆ. ಕರ್ನಾಟಕದ ಚಿತ್ರಗಳನ್ನು ನೋಡುವವರು ಈ ಸೂತ್ರವನ್ನು ಹಾಗೆಯೇ ತರಬಾರದು. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಡುನೆತ್ತಿಗಿಂತ ಉತ್ತರಕ್ಕಿರುವುದರಿಂದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಅದೂ ತೀರ ಗಿಡ್ಡವಾಗಿರುತ್ತದೆ.

ಎರಡು ಕಣ್ಣಿನ ನೋಟ

ಒಂದರ ಮೇಲೊಂದು ಹಾಯುವ ಎರಡು ಫ್ರೇಮುಗಳನ್ನು, ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸುವ ಸ್ಟೀರಿಯೊಸ್ಕೋಪಿನ ಕೆಳಗಿಟ್ಟು ನೋಡಿದಾಗ ನೆಲವು ಎದ್ದು ನಿಲ್ಲುತ್ತದೆ. ಮೆಡ್ಮೆನ್‌ಹ್ಯಾಮ್‌ನ ಬಹುಪಾಲು ಶೋಧಗಳ ಹಿಂದೆ ಇದ್ದುದು ಈ ಸರಳ ಉಪಕರಣ. ಕಂಪ್ಯೂಟರಿನಲ್ಲಿ ಅದೇ ಜೋಡಿಯನ್ನು ಕೆಂಪು ಮತ್ತು ನೀಲಿ ಕನ್ನಡಕದಿಂದ ನೋಡುವ ಚಿತ್ರವನ್ನಾಗಿ ಪರಿವರ್ತಿಸಬಹುದು, ಅದಕ್ಕೆ ಉಚಿತ ತಂತ್ರಾಂಶಗಳಿವೆ. ವಿಮಾನ ಹಾರಿದ ರೇಖೆಯು ಎಡದಿಂದ ಬಲಕ್ಕೆ ಬರುವಂತೆ ಎರಡೂ ಫ್ರೇಮುಗಳನ್ನು ತಿರುಗಿಸಿ, ಎಡ ಭಾಗದಿಂದ ತೆಗೆದದ್ದನ್ನು ಎಡಗಣ್ಣಿಗೇ ಕೊಡಿ. ಅದಲು ಬದಲಾದರೆ ನದಿಗಳು ಬೆಟ್ಟದ ಮೇಲೆ ಹರಿಯುತ್ತವೆ. ಎರಡು ಫ್ರೇಮುಗಳನ್ನು ತೆಗೆದ ಸ್ಥಾನಗಳ ನಡುವಿನ ಅಂತರವು ಹಾರಾಟದ ಎತ್ತರಕ್ಕೆ ಹೋಲಿಸಿದರೆ ಎಷ್ಟಿದೆ ಎಂಬುದಕ್ಕೆ ತಕ್ಕಂತೆ ಎತ್ತರಗಳು ಉತ್ಪ್ರೇಕ್ಷಿತವಾಗಿ ಕಾಣುವುದು ಸಹಜ. ಒಂದೆರಡು ಅಡಿ ಎತ್ತರದ ಹಳೆಯ ಒಡ್ಡು ಕೂಡ ಕಣ್ಣಿಗೆ ಬೀಳುವುದು ಆ ಉತ್ಪ್ರೇಕ್ಷೆಯ ಲಾಭ.

ಮೂರು ಹಂತದ ಓದು

ಮೆಡ್ಮೆನ್‌ಹ್ಯಾಮ್ ಪದ್ಧತಿಯಲ್ಲಿ ಓದು ಮೂರು ಹಂತಗಳಲ್ಲಿ ನಡೆಯುತ್ತಿತ್ತು. ವಿಮಾನ ಇಳಿದ ಕೆಲವೇ ಗಂಟೆಗಳಲ್ಲಿ, ಹಡಗು ಬಂದರಿನಲ್ಲಿದೆಯೇ, ಬಾಂಬು ಗುರಿಗೆ ತಾಗಿದೆಯೇ ಎಂಬಂತಹ ತುರ್ತು ವರದಿ. ಒಂದು ದಿನದೊಳಗೆ ಎಲ್ಲ ಹಾರಾಟಗಳನ್ನು ಜೋಡಿಸಿದ ಎರಡನೆಯ ವರದಿ. ಆಮೇಲೆ ವಿಮಾನ, ಕಾರ್ಖಾನೆ, ರೈಲು, ಮರೆಮಾಚುವಿಕೆ ಮುಂತಾದ ಒಂದೊಂದು ವಿಷಯದ ತಜ್ಞರು ಹಳೆಯ ಚಿತ್ರಗಳೊಡನೆ ಹೋಲಿಸಿ ಬರೆಯುವ ನಿಧಾನದ ವರದಿ. ಇಂದು ಸಂಶೋಧಕರೂ ಇದೇ ಕ್ರಮವನ್ನು ಅನುಸರಿಸುವುದು ಒಳ್ಳೆಯದು. ಮೊದಲು ಇಡೀ ಫ್ರೇಮನ್ನು ನೋಡಿ ರಸ್ತೆ, ನೀರು, ಊರು, ಹೊಲಗಳ ಒರಟು ನಕ್ಷೆ ಬರೆದುಕೊಳ್ಳಿ. ಬಳಿಕ ಅದೇ ಸ್ಥಳದ ಬೇರೆ ದಿನಾಂಕದ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ನಿಮ್ಮ ವಿಶೇಷ ಪ್ರಶ್ನೆಗೆ ಹೋಗುವುದು ಮೂರನೆಯ ಸಲಕ್ಕೆ.

ಎರಡನೆಯ ಹಂತವನ್ನು ಹಾರಿಸಿದರೆ ಏನಾಗುತ್ತದೆ ಎಂಬುದಕ್ಕೆ ಬಾಲ್ಟಿಕ್ ಕರಾವಳಿಯಲ್ಲಿದ್ದ ಜರ್ಮನರ ಶಸ್ತ್ರಪರೀಕ್ಷಾ ಕೇಂದ್ರ ಪೀನೆಮುಂಡೆಯೇ ಉದಾಹರಣೆ. ಅಲ್ಲಿ ಸಮುದ್ರದ ಕಡೆಗೆ ಮುಖಮಾಡಿದ ಇಳಿಜಾರು ಕಟ್ಟೆಯೊಂದು ಹಳೆಯ ಚಿತ್ರಗಳಲ್ಲೂ ಇತ್ತು, ಆದರೆ ಅದನ್ನು ಹೂಳೆತ್ತುವ ಸಲಕರಣೆ ಎಂದು ಬದಿಗಿಡಲಾಗಿತ್ತು. 1943ರ ನವೆಂಬರ್ 28ರಂದು ಮಸ್ಕಿಟೊ ವಿಮಾನವೊಂದು ತಂದ ಚಿತ್ರಗಳಲ್ಲಿ, ವಿಮಾನ ವಿಭಾಗದ ಮುಖ್ಯಸ್ಥೆ ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಅವರು ಆ ಕಟ್ಟೆಯ ಮೇಲೆ ಶಿಲುಬೆಯಾಕಾರದ ಒಂದು ಪುಟ್ಟ ಗುರುತನ್ನು ಕಂಡರು. ಅದು ಉಡಾವಣೆಗೆ ಸಿದ್ಧವಾಗಿದ್ದ ವಿ-1 ಹಾರುಬಾಂಬು. ಅದರ ರೆಕ್ಕೆಗಳ ಹರವು 5 ಮೀಟರಿಗೆ ಸ್ವಲ್ಪ ಹೆಚ್ಚು. 1:10,000 ಸ್ಕೇಲಿನ ನೆಗೆಟಿವ್ ಮೇಲೆ ಅದು ಅರ್ಧ ಮಿಲಿಮೀಟರಿನಷ್ಟು ಮಾತ್ರ ಬರುತ್ತದೆ. ಉತ್ತರ ಫ್ರಾನ್ಸಿನಲ್ಲಿ ಲಂಡನ್ನಿನ ದಿಕ್ಕಿಗೆ ಮುಖಮಾಡಿ ಏಳುತ್ತಿದ್ದ ಇಂತಹವೇ ಕಟ್ಟೆಗಳು ಯಾವುದಕ್ಕೆಂಬ ಒಗಟು ಆ ಗುರುತಿನಿಂದ ಬಿಡಿಸಿತು. ಗುರುತು ಸಣ್ಣದಾಗಿದ್ದರೂ ಅದನ್ನು ಓದಲು ಸಾಧ್ಯವಾದದ್ದು, ಅದೇ ಜಾಗದ ಹಿಂದಿನ ಚಿತ್ರಗಳು ಪಕ್ಕದಲ್ಲಿದ್ದುದರಿಂದ.

ಮೋಸದ ರಚನೆಗಳನ್ನು ಹಿಡಿಯಲೂ ಹೋಲಿಕೆಯೇ ದಾರಿ. ಹ್ಯಾಂಬರ್ಗ್ ನಗರದ ಒಳ ಆಲ್ಸ್ಟರ್ ಸರೋವರವನ್ನು ಜರ್ಮನರು 1941ರಲ್ಲಿ ತೇಲುವ ಹೊದಿಕೆಯಿಂದ ಮುಚ್ಚಿ, ಅದು ಕಟ್ಟಡಗಳಿರುವ ನೆಲವೆಂಬಂತೆ ತೋರಿಸಿ, ಆಚೆ ಒಂದು ಹುಸಿ ಸೇತುವೆಯನ್ನೂ ನಿರ್ಮಿಸಿದರು. ಒಂದೇ ಚಿತ್ರವನ್ನು ನೋಡಿದವನು ಮೋಸಹೋಗಬಹುದು. ಮೊದಲಿನ ಚಿತ್ರವಿದ್ದವನಿಗೆ ಅದು ಕೂಡಲೇ ಹೊಳೆಯುತ್ತದೆ.

ಸಂಶೋಧನೆಯಲ್ಲಿ

ಯುದ್ಧದ ಚಿತ್ರಗಳಿಂದ ಅತಿ ಹೆಚ್ಚು ಲಾಭ ಪಡೆದ ಶಾಸ್ತ್ರ ಪುರಾತತ್ವವೆಂದು ನಾನು ಭಾವಿಸುತ್ತೇನೆ. ಮಣ್ಣಿನಡಿ ಹೂತುಹೋದ ಹಳೆಯ ಕಂದಕದ ಮೇಲೆ ತೇವ ಹೆಚ್ಚಿರುವುದರಿಂದ ಪೈರು ಎತ್ತರಕ್ಕೆ, ಹಸಿರಾಗಿ ಬೆಳೆಯುತ್ತದೆ. ಹೂತುಹೋದ ಗೋಡೆಯ ಮೇಲೆ ಅದು ಕುಗ್ಗಿ ಬೇಗ ಹಳದಿಗಟ್ಟುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ವೀಕ್ಷಕರಾಗಿ ಹಾರಿದ್ದ ಒ.ಜಿ.ಎಸ್. ಕ್ರಾಫರ್ಡ್ ಅವರು ಈ ಗುರುತುಗಳನ್ನು ಓದುವುದನ್ನು ಒಂದು ಶಿಸ್ತಾಗಿ ಬೆಳೆಸಿದರು. 1925ರಲ್ಲಿ ಗಿಲ್ಬರ್ಟ್ ಇನ್‌ಸಾಲ್ ಎಂಬ ವಾಯುಪಡೆಯ ಅಧಿಕಾರಿ ಸ್ಟೋನ್‌ಹೆಂಜ್ ಸಮೀಪ ಹೊಲವೊಂದರಲ್ಲಿ ಮೇಲಿನಿಂದ ಕಂಡ ಚುಕ್ಕಿಗಳ ವರ್ತುಲಗಳೇ, ಮುಂದೆ ಉತ್ಖನನವಾದ ವುಡ್‌ಹೆಂಜ್ ಎಂಬ ಪ್ರಾಚೀನ ನೆಲೆ. ಎರಡನೆಯ ಯುದ್ಧದ ಕೊನೆಯಲ್ಲಿ ಇಟಲಿಯ ಫೋಜಾ ಬಯಲಿನಲ್ಲಿ ಚಿತ್ರವಿಶ್ಲೇಷಕರಾಗಿದ್ದ ಜಾನ್ ಬ್ರಾಡ್‌ಫರ್ಡ್ ಮತ್ತು ಪೀಟರ್ ವಿಲಿಯಮ್ಸ್ ಹಂಟ್ ಅವರು ಸೇನೆಯ ಚಿತ್ರಗಳಲ್ಲೇ ನವಶಿಲಾಯುಗದ ಕಂದಕ ಸುತ್ತಿದ ನೂರಾರು ಹಳ್ಳಿಗಳನ್ನು ಗುರುತಿಸಿದರು. ವಿಲಿಯಮ್ಸ್ ಹಂಟ್ ಮುಂದೆ ಥಾಯ್ಲೆಂಡಿನ ಈಶಾನ್ಯ ಭಾಗದ ಯುದ್ಧಕಾಲದ ಚಿತ್ರಗಳಿಂದ ಅಗಳ್ತೆ ಸುತ್ತಿದ ಪ್ರಾಚೀನ ನೆಲೆಗಳನ್ನು ಪತ್ತೆಮಾಡಿ 1950ರಲ್ಲಿ ಪ್ರಕಟಿಸಿದರು.

ಈ ಬಗೆಯ ಹುಡುಕಾಟಕ್ಕೆ ಋತುವನ್ನು ನೋಡಿ ಚಿತ್ರ ಆರಿಸಬೇಕು. ಪೈರು ಹಣ್ಣಾಗುವ ಮುಂಚಿನ ವಾರಗಳ, ಅದರಲ್ಲೂ ಮಳೆ ಕಡಿಮೆಯಾದ ವರ್ಷದ ಚಿತ್ರಗಳಲ್ಲಿ ಪೈರಿನ ಗುರುತು ಚೆನ್ನಾಗಿ ಮೂಡುತ್ತದೆ. ಉತ್ತ ಹೊಲದಲ್ಲಿ ಮಣ್ಣಿನ ಬಣ್ಣದ ವ್ಯತ್ಯಾಸ ಕಾಣುತ್ತದೆ. ಸಂಜೆಯ ಅಥವಾ ಬೆಳಗಿನ ಓರೆ ಬಿಸಿಲಿನಲ್ಲಿ ತಗ್ಗಾದ ಒಡ್ಡುಗಳ ನೆರಳು ಸಿಗುತ್ತದೆ. ಹೊಲದ ಬದುಗಳನ್ನು ಲೆಕ್ಕಿಸದೆ ಸಾಗುವ ಗೆರೆಯನ್ನು ವಿಶೇಷವಾಗಿ ಗಮನಿಸಿ, ಏಕೆಂದರೆ ಅದು ಆ ಬದುಗಳಿಗಿಂತ ಹಳೆಯದಿರುವ ಸಂಭವ ಹೆಚ್ಚು. ಆದರೆ ಕೊಳವೆ ಹೂಳಿದ ಸಾಲು ಕೂಡ ಹೀಗೆಯೇ ಕಾಣಬಹುದು; ನೆಲದ ಮೇಲೆ ಹೋಗಿ ನೋಡದೆ ತೀರ್ಮಾನಿಸಬಾರದು.

ಇನ್ನೊಂದು ಬಳಕೆ ಜೀವ ಉಳಿಸುವುದು. ಜರ್ಮನಿಯಲ್ಲಿ ಕಟ್ಟಡ ಕಾಮಗಾರಿಗೆ ಮುನ್ನ ಸ್ಫೋಟಿಸದ ಬಾಂಬುಗಳಿಗಾಗಿ ಯುದ್ಧಕಾಲದ ಮಿತ್ರಪಡೆಗಳ ಚಿತ್ರಗಳನ್ನು ಪರಿಶೀಲಿಸುವುದು ಇಂದಿಗೂ ನಡೆದಿದೆ. 2017ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸಿಕ್ಕ ಬ್ರಿಟಿಷ್ ಬಾಂಬೊಂದನ್ನು ನಿಷ್ಕ್ರಿಯಗೊಳಿಸಲು 60 ಸಾವಿರಕ್ಕೂ ಹೆಚ್ಚು ಜನರನ್ನು ತೆರವುಗೊಳಿಸಬೇಕಾಯಿತು. ಸ್ಫೋಟಿಸಿದ ಬಾಂಬು ದೊಡ್ಡ ಕುಳಿಯನ್ನೂ ಸುತ್ತ ಚೆಲ್ಲಿದ ಮಣ್ಣಿನ ಬಿಳುಪನ್ನೂ ಬಿಡುತ್ತದೆ. ಸ್ಫೋಟಿಸದ್ದು ಸಣ್ಣ ಕಪ್ಪು ರಂಧ್ರವನ್ನಷ್ಟೇ ಬಿಡುತ್ತದೆ, ಅದೂ ದೊಡ್ಡ ಸ್ಕೇಲಿನ, ದಾಳಿಯ ನಂತರ ಬೇಗನೆ ತೆಗೆದ ಚಿತ್ರವಿದ್ದರೆ ಮಾತ್ರ ಕಂಡೀತು. ರಂಧ್ರ ಕಾಣದಿದ್ದರೆ ಬಾಂಬು ಇಲ್ಲವೆಂದು ಅರ್ಥವಲ್ಲ. ಇದು ಪರವಾನಗಿಯುಳ್ಳ ವೃತ್ತಿಪರರ ಕೆಲಸ, ಹವ್ಯಾಸಿಗಳು ತಮ್ಮ ಓದನ್ನು ನಂಬಿ ಎಲ್ಲೂ ಅಗೆಯಬಾರದು.

ನಮ್ಮ ಓದುಗರಿಗೆ ನೇರವಾಗಿ ಒದಗುವ ಬಳಕೆ ಕೆರೆಗಳ ಅಧ್ಯಯನ. ಭಾರತೀಯ ಸರ್ವೇಕ್ಷಣಾ ಇಲಾಖೆಯ ವೈಮಾನಿಕ ಚಿತ್ರಗಳು ಬಹುಕಾಲ ನಿರ್ಬಂಧದಲ್ಲಿದ್ದುದರಿಂದ, 1960ರ ದಶಕದ ನೆಲವನ್ನು ನೋಡಲು ಸಾಮಾನ್ಯರಿಗೆ ಸುಲಭವಾಗಿ ಸಿಗುವುದು ಕೊರೋನಾ. ನಿಮ್ಮ ಊರಿನ ಫ್ರೇಮು ಸಿಕ್ಕರೆ ಮೊದಲು ಏರಿಯನ್ನು ಗುರುತಿಸಿ: ಹಳ್ಳಕ್ಕೆ ಅಡ್ಡಲಾಗಿ ಬಿಲ್ಲಿನಂತೆ ಬಾಗಿದ ಗೆರೆ, ಅದರ ಒಂದು ಬದಿಗೆ ನಯವಾದ ಕಪ್ಪು ಅಥವಾ ಒಣಗಿದ ಅಂಗಳದ ಬಿಳುಪು, ಇನ್ನೊಂದು ಬದಿಗೆ ಅಚ್ಚುಕಟ್ಟಿನ ಸಣ್ಣ ಗದ್ದೆಗಳ ಬಲೆ ಮತ್ತು ತೋಟಗಳ ಒರಟು ಕಪ್ಪು. ಏರಿಯ ಒಂದು ತುದಿಯಿಂದ ಹೊರಟು ಕೆಳಗಿನ ಕೆರೆಯತ್ತ ಸಾಗುವ ತೆಳು ಗೆರೆ ಕೋಡಿಹಳ್ಳ. ಹೀಗೆ ಕೆರೆಯಿಂದ ಕೆರೆಗೆ ಗೆರೆ ಹಿಡಿದು ಹೋದರೆ, ಇಂದು ಬಡಾವಣೆಗಳ ನಡುವೆ ಕಡಿದುಹೋದ ಕೆರೆಸರಣಿ ಮತ್ತೆ ಕೂಡಿಕೊಳ್ಳುತ್ತದೆ. ಕೆಂಪು ಮಣ್ಣು ಕಲಸಿದ ನೀರು ಕಪ್ಪಗಿರದೆ ಬೂದುಬಣ್ಣಕ್ಕೆ ಕಾಣುತ್ತದೆ, ಬಿಸಿಲು ನೇರವಾಗಿ ಪ್ರತಿಫಲಿಸಿದ ನೀರು ಅಚ್ಚಬಿಳುಪಾಗಿರುತ್ತದೆ. ಬಣ್ಣ ಒಂದನ್ನೇ ನೆಚ್ಚಿ ಕೆರೆ ಒಣಗಿತ್ತೆಂದು ಬರೆಯಬಾರದು.

ಇಂದಿನ ನಕ್ಷೆಗೆ ಹೊಂದಿಸುವುದು

ಕ್ಯುಜಿಐಎಸ್ ಎಂಬ ಉಚಿತ ತಂತ್ರಾಂಶದ ಜಿಯೋರೆಫರೆನ್ಸರ್ ಸಲಕರಣೆ ಇದಕ್ಕೆ ಸಾಕು. ಹಳೆಯ ಚಿತ್ರದಲ್ಲೂ ಇಂದಿನ ಉಪಗ್ರಹ ಚಿತ್ರದಲ್ಲೂ ಇರುವ ಹತ್ತು ಹನ್ನೆರಡು ಬಿಂದುಗಳನ್ನು ಜೋಡಿಸಿ, ಅವು ಚಿತ್ರದ ನಾಲ್ಕೂ ಮೂಲೆಗಳಿಗೆ ಹರಡಿರಲಿ. ಹಳೆಯ ರಸ್ತೆಕೂಡು, ಸೇತುವೆ, ಮೋರಿ, ಗುಡಿಯ ಬುಡ, ಬಂಡೆ ಮುಂತಾದವು ಒಳ್ಳೆಯ ಬಿಂದುಗಳು. ಕಟ್ಟಡದ ಛಾವಣಿ ವಾಲಿರುತ್ತದೆ, ಹೊಳೆಯ ದಡ ಸರಿದಿರುತ್ತದೆ, ಮರ ಬೆಳೆದಿರುತ್ತದೆ, ಅವು ಬೇಡ. ಸಮತಟ್ಟಾದ ನೆಲದ ನೇರ ಕೆಳನೋಟದ ಚಿತ್ರಕ್ಕೆ ಮೊದಲ ದರ್ಜೆಯ ಪಾಲಿನಾಮಿಯಲ್ ಪರಿವರ್ತನೆ, ಸ್ವಲ್ಪ ಓರೆ ಇದ್ದರೆ ಪ್ರೊಜೆಕ್ಟಿವ್ ಪರಿವರ್ತನೆ ಸಾಕಾಗುತ್ತದೆ. ಚಿತ್ರವನ್ನು ಬಾಗಿಸಿ ಹೊಂದಿಸುವ ಥಿನ್ ಪ್ಲೇಟ್ ಸ್ಪ್ಲೈನ್ ಎಂಬ ಪರಿವರ್ತನೆ ಪ್ರತಿ ಬಿಂದುವಿನಲ್ಲೂ ದೋಷ ಸೊನ್ನೆ ಎಂದು ತೋರಿಸುತ್ತದೆ, ಆದರೆ ಬಿಂದುಗಳ ನಡುವೆ ನೆಲವನ್ನು ಎಳೆದಾಡಿರುತ್ತದೆ. ಆದ್ದರಿಂದ ಎರಡು ಮೂರು ಬಿಂದುಗಳನ್ನು ಲೆಕ್ಕಕ್ಕೆ ಸೇರಿಸದೆ ಉಳಿಸಿಕೊಂಡು, ಹೊಂದಿಸಿದ ಮೇಲೆ ಅವುಗಳಲ್ಲಿ ಎಷ್ಟು ಮೀಟರ್ ವ್ಯತ್ಯಾಸ ಬರುತ್ತದೆಂದು ಅಳೆಯಿರಿ. ನಿಜವಾದ ದೋಷ ಅದೇ.

ಕೊರೋನಾದ ಉದ್ದನೆಯ ಪಟ್ಟಿಗಳನ್ನು ಇಡಿಯಾಗಿ ಹೊಂದಿಸಲು ಹೋಗಬೇಡಿ. ಅವು 70 ಮಿಲಿಮೀಟರ್ ಅಗಲದ, ಮುಕ್ಕಾಲು ಮೀಟರ್ ಉದ್ದದ ಫಿಲ್ಮುಗಳು. ಕ್ಯಾಮೆರಾ ಬದಿಯಿಂದ ಬದಿಗೆ ತಿರುಗುತ್ತ ಚಿತ್ರ ತೆಗೆಯುತ್ತಿದ್ದುದರಿಂದ ತುದಿಗಳಲ್ಲಿ ವಿಕೃತಿ ಬಹಳ. ಎ, ಬಿ, ಸಿ, ಡಿ ಎಂದು ನಾಲ್ಕು ತುಂಡುಗಳಾಗಿ ಬರುವ ಸ್ಕ್ಯಾನುಗಳಲ್ಲಿ ನಿಮಗೆ ಬೇಕಾದ ಕೆಲವು ಕಿಲೋಮೀಟರುಗಳಷ್ಟನ್ನೇ ಕತ್ತರಿಸಿ ಹೊಂದಿಸಿ.

ಬರೆದಿಡುವುದು

ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆ ಸಾಲುಗಳಲ್ಲಿ ಬರೆಯಿರಿ. 'ಸುಮಾರು 40 ಮೀಟರ್ ವ್ಯಾಸದ ಕಪ್ಪು ವರ್ತುಲ, ಪೂರ್ವಕ್ಕೆ ಬಾಯಿ' ಎಂಬುದು ಕಂಡದ್ದು. 'ಪ್ರಾಚೀನ ಕಂದಕ' ಎಂಬುದು ಊಹೆ. ಊಹೆಯ ಮುಂದೆ ಖಚಿತ, ಸಂಭವನೀಯ, ಶಂಕಿತ ಎಂಬ ಮೂರರಲ್ಲಿ ಒಂದು ಪದವನ್ನು ಕಡ್ಡಾಯವಾಗಿ ಸೇರಿಸಿ. ಪ್ರತಿ ಟಿಪ್ಪಣಿಯ ಜೊತೆ ಸಂಗ್ರಹಾಲಯದ ಹೆಸರು, ಹಾರಾಟದ ಸಂಖ್ಯೆ, ಫ್ರೇಮ್ ಸಂಖ್ಯೆ, ದಿನಾಂಕ, ಸ್ಕೇಲ್ ಮತ್ತು ನೀವು ಅಳೆದ ದೋಷ ಇರಲೇಬೇಕು, ಏಕೆಂದರೆ ಇನ್ನೊಬ್ಬರು ಅದೇ ಫ್ರೇಮನ್ನು ತರಿಸಿಕೊಂಡು ನೀವು ಕೇಳದ ಪ್ರಶ್ನೆಯನ್ನು ಕೇಳಬೇಕಾದೀತು. ಮೂಲ ಸ್ಕ್ಯಾನನ್ನು ತಿದ್ದದೆ ಹಾಗೆಯೇ ಉಳಿಸಿ, ಬೆಳಕು ಕತ್ತಲೆಗಳ ಹೊಂದಾಣಿಕೆಯನ್ನು ಪ್ರತಿಯ ಮೇಲೆ ಮಾತ್ರ ಮಾಡಿ. ಪ್ರಕಟಿಸುವುದಾದರೆ, ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯಿಂದ ಪಡೆದ ಕೊರೋನಾ ಚಿತ್ರಗಳನ್ನು ಮೂಲವನ್ನು ನಮೂದಿಸಿ ಮುಕ್ತವಾಗಿ ಬಳಸಬಹುದು. ಎಡಿನ್‌ಬರೊ ಸಂಗ್ರಹದ ಚಿತ್ರಗಳಿಗೆ ಮುಂಚಿತವಾಗಿ ಪರವಾನಗಿ ಪಡೆಯಬೇಕು.